ವಸಡಿನ ವಂಶಾವಳಿ

ನಮ್ಮ ಮನೆಯ ಕೈತೊಳೆಯುವ ಬೇಸಿನ್ನಿನ ಪಕ್ಕ ಒಂದು ಗಾಜಿನ ಲೋಟವಿದೆ. ಅದರಲ್ಲಿ ಹಲ್ಲುಜ್ಜುವ ಬ್ರಶ್ಶಿನ ಜೊತೆಗೆ ಇನ್ನೊಂದು ಪುಟಾಣಿ ಬ್ರಶ್ಶು ನಿಂತಿರುತ್ತದೆ. ಸೀಸೆ ತೊಳೆಯುವ ಬ್ರಶ್ಶು ಮರಿ ಹಾಕಿದರೆ ಹೇಗಿದ್ದೀತೋ ಹಾಗಿದೆ ಅದು. ಬಂದ ನೆಂಟರೆಲ್ಲ ನೋಡಿ ಇದೇನು ಎಂದು ಕೇಳುತ್ತಾರೆ. ಕೇಳದೆ ಇರುವವರು ಇನ್ನೂ ಅಪಾಯ. ಹೋದ ಯುಗಾದಿಗೆ ಬಂದ ನನ್ನ ಭಾವಮೈದ ಯಾರನ್ನೂ ಕೇಳದೆ ಅದರಲ್ಲಿ ತನ್ನ ಕನ್ನಡಕದ ಸಂದಿಗೊಂದಿಯನ್ನೆಲ್ಲ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, "ಭಾವ, ತುಂಬ ಅನುಕೂಲವಾಗಿದೆ, ಎಲ್ಲಿ ಸಿಗುತ್ತೆ ಇದು?" ಎಂದ. ಎಲ್ಲಿ ಸಿಗುತ್ತದೆಂದು ಹೇಳಿದೆ. ಯಾತಕ್ಕೆಂದು ಹೇಳುವ ಧೈರ್ಯವಾಗಲಿಲ್ಲ.

ಅದು ಹಲ್ಲು ಹಲ್ಲಿನ ನಡುವಿನ ಸಂದಿಗೆ. ನನ್ನ ಬಾಯಿಗೆ ಅದು ಬಂದು ಸೇರಿದ್ದು ಹೇಗೆ ಎಂದು ಹೇಳಬೇಕಾದರೆ ನಮ್ಮ ವಂಶದ ವಿಷಯ ಎತ್ತದೆ ಗತಿಯಿಲ್ಲ.

ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಹಜಾರದಲ್ಲಿ ತಾತನ ಒಂದು ಫೋಟೋ ಇದೆ. ತಾತ ಅರಮನೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದವರು. ಉಗ್ರಾಣದ ಸಿಬ್ಬಂದಿಯೆಲ್ಲ ಜರಿಪೇಟ ಸುತ್ತಿ, ಕ್ಯಾಮೆರಾ ಎಲ್ಲಿ ತಮ್ಮ ಪೇಟವನ್ನು ಜಪ್ತಿ ಮಾಡುತ್ತದೋ ಎಂಬ ಮುಖ ಹೊತ್ತು ಸಾಲಾಗಿ ಕೂತಿದ್ದಾರೆ. ಆ ಸಾಲಿನಲ್ಲಿ ನಗುತ್ತಿರುವುದು ನಮ್ಮ ತಾತ ಒಬ್ಬರೇ. ಅದೂ ಮುಗುಳ್ನಗೆಯಲ್ಲ. ಮೇಲಿನ ಸಾಲು, ಕೆಳಗಿನ ಸಾಲು, ಎರಡೂ ದರ್ಬಾರಿಗೆ ಬಂದ ಹಾಗೆ ಕಾಣುವ ನಗು. ನಮ್ಮ ತಂದೆ ಆ ಫೋಟೋದ ಕೆಳಗೆ ನಿಂತು, "ನಮ್ಮ ವಂಶದಲ್ಲಿ ಯಾರಿಗೂ ಹಲ್ಲಿನ ತೊಂದರೆ ಇಲ್ಲ. ಎಪ್ಪತ್ತು ದಾಟಿದ ಮೇಲೂ ನಮ್ಮಪ್ಪ ಕಬ್ಬು ಸಿಗಿದು ತಿಂತಿದ್ರು" ಎನ್ನುತ್ತಿದ್ದರು. ನಾನು ಬೆಳೆದು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದೆ. ಶಾಸನವನ್ನೂ ನಂಬಬೇಡಿ, ಬರೆಸಿದವನು ಯಾರು, ಯಾಕೆ ಬರೆಸಿದ ಎಂದು ಮೊದಲು ಕೇಳಿ ಎಂದು ಮಕ್ಕಳಿಗೆ ಬೋಧಿಸಿದೆ. ಆದರೆ ಮನೆಯ ಗೋಡೆಯ ಮೇಲಿದ್ದ ಆ ಹಲ್ಲುಗಳನ್ನು ಒಮ್ಮೆಯೂ ಪ್ರಶ್ನಿಸಲಿಲ್ಲ.

ವಂಶದ ಹಲ್ಲು ಇಷ್ಟು ಭದ್ರವಾಗಿದ್ದ ಮೇಲೆ ಉಜ್ಜುವುದು ಬರೀ ಶಾಸ್ತ್ರಕ್ಕೆ. ಚಿಕ್ಕಂದಿನಲ್ಲಿ ಬಚ್ಚಲ ಒಲೆಯ ಪಕ್ಕ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಅಜ್ಜಿ ಅಂಗೈಗೆ ಒಂದು ಚಿಟಿಕೆ ಬೂದಿಬಣ್ಣದ ಪುಡಿ ಹಾಕುತ್ತಿದ್ದರು. ಭತ್ತದ ಹೊಟ್ಟು ಸುಟ್ಟು, ಉಪ್ಪು ಸೇರಿಸಿ, ಬಟ್ಟೆಯಲ್ಲಿ ಸೋಸಿದ್ದು. ಒಲೆಯ ಬಿಸಿಗೆ ಅರ್ಧ ನಿದ್ದೆ ಮಾಡುತ್ತ ತೋರುಬೆರಳನ್ನು ಮುಂದಿನ ಹಲ್ಲುಗಳ ಮೇಲೆ ಎಡಕ್ಕೂ ಬಲಕ್ಕೂ ಆಡಿಸಿದರೆ ಮುಗಿಯಿತು. ಹಿಂದಿನ ಹಲ್ಲುಗಳು ಕಾಣುವುದಿಲ್ಲವಾದ್ದರಿಂದ ಅವುಗಳ ಜವಾಬ್ದಾರಿ ದೇವರದು. ಆಮೇಲೆ ಗುಲಾಬಿ ಬಣ್ಣದ ಸಿಹಿ ಹಲ್ಲುಪುಡಿಯ ಡಬ್ಬ ಬಂತು. ಅದನ್ನು ಉಜ್ಜಿದ್ದಕ್ಕಿಂತ ತಿಂದದ್ದು ಹೆಚ್ಚು. ನಾಲಗೆಗೆ ಮಾತ್ರ ನಮ್ಮ ಮನೆಯಲ್ಲಿ ಬಹಳ ಗೌರವ. ತಾಮ್ರದ ಪಟ್ಟಿಯಲ್ಲಿ ಇಡೀ ಬೀದಿಗೆ ಕೇಳಿಸುವ ಹಾಗೆ ಹೆರೆದುಕೊಳ್ಳದೆ ಯಾರೂ ಕಾಫಿ ಮುಟ್ಟುವ ಹಾಗಿರಲಿಲ್ಲ. ಹಲ್ಲಿಗೂ ಹಲ್ಲಿಗೂ ನಡುವೆ ಜಾಗವಿದೆ, ಅಲ್ಲಿ ವಸಡು ಎಂಬುದು ಒಂದಿದೆ ಎನ್ನುವುದು ನಮ್ಮ ವಂಶದ ಗಮನಕ್ಕೇ ಬಂದಿರಲಿಲ್ಲ.

ನಿವೃತ್ತನಾದ ಒಂದೆರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು ಸೀಬೆಹಣ್ಣು ಕಚ್ಚಿದೆ. ಕಚ್ಚಿದ ಜಾಗ ಕೆಂಪಗಿತ್ತು. ನನಗೆ ಸಂತೋಷವಾಯಿತು. ಒಳಗೆ ಕೆಂಪು ತಿರುಳಿರುವ ಚಂದ್ರಸೀಬೆ ಈಗ ಸಿಗುವುದು ಅಪರೂಪ. ಮನೆಯವಳನ್ನು ಕೂಗಿ, "ಸರೋಜ, ಚಂದ್ರಸೀಬೆ ನೋಡು" ಎಂದೆ. ಅವಳು ಬಂದು ಹಣ್ಣನ್ನು ತಿರುಗಿಸಿ ನೋಡಿದಳು.

"ಇದು ಬಿಳೀ ಸೀಬೆ ಕಣ್ರೀ. ಕೆಂಪಗಿರೋದು ನಿಮ್ಮ ವಸಡು. ಡಾಕ್ಟರ ಹತ್ರ ತೋರಿಸ್ಕೊಳ್ಳಿ."

"ನಮ್ಮ ವಂಶದಲ್ಲಿ—" ಎಂದು ಶುರು ಮಾಡಿದೆ. ಅವಳು ಆಗಲೇ ಒಳಗೆ ಹೋಗಿದ್ದಳು.

ರಕ್ತ ಬರುತ್ತಿದ್ದದ್ದು ಉಜ್ಜುವಾಗ ಮತ್ತು ಗಟ್ಟಿ ಪದಾರ್ಥ ಕಚ್ಚುವಾಗ. ನಾನು ತಾರ್ಕಿಕ ಮನುಷ್ಯ. ಉಜ್ಜಿದರೆ ತಾನೆ ರಕ್ತ ಎಂದು ಆ ಜಾಗ ಉಜ್ಜುವುದನ್ನು ಬಿಟ್ಟೆ. ಗಡಿಯಲ್ಲಿ ಗಲಾಟೆಯಾಯಿತೆಂದು ಗಸ್ತು ನಿಲ್ಲಿಸಿದ ರಾಜರ ಗತಿ ಏನಾಯಿತೆಂದು ನಾನೇ ಪಾಠ ಹೇಳಿದ್ದೆ. ಪಾಠ ಹೇಳುವುದು ಬೇರೆ, ಬಾಯಿ ಬೇರೆ.

ಬೆಳಗಿನ ವಾಕಿಂಗಿನಲ್ಲಿ ನನ್ನ ಜೊತೆಗಾರ ನಂಜುಂಡಯ್ಯ. ನಿವೃತ್ತ ಇಂಜಿನಿಯರು. ಸೇವೆಯಲ್ಲಿದ್ದಷ್ಟು ಕಾಲ ಸೇತುವೆ ಕಟ್ಟಿಸಿ, ಈಗ ಉದ್ಯಾನದ ಕಲ್ಲುಬೆಂಚಿನ ಮೇಲೆ ಕೂತು ಪರರ ಶರೀರಗಳನ್ನು ದುರಸ್ತಿ ಮಾಡುತ್ತಾರೆ. ನನ್ನ ವಿಷಯ ಕೇಳಿ ಅವರು ಮೊದಲು ಎಳ್ಳೆಣ್ಣೆ ಮುಕ್ಕಳಿಸಲು ಹೇಳಿದರು. ಅದಾದ ಮೇಲೆ ಲವಂಗದೆಣ್ಣೆ. ಅದಾದ ಮೇಲೆ ಯಾರೋ ಕಳಿಸಿದ ವಿಡಿಯೋ ನೋಡಿ, ಅರಿಸಿನಕ್ಕೆ ಇನ್ನೇನೇನೋ ಕಲಸಿದ ಹಸಿರು ಮುದ್ದೆಯೊಂದನ್ನು ತಾವೇ ಡಬ್ಬಿಯಲ್ಲಿ ತಂದುಕೊಟ್ಟರು. ಅದನ್ನು ಹಚ್ಚಿಕೊಂಡ ದಿನ ಹಾಲಿನವನು ನನ್ನ ಬಾಯಿ ನೋಡಿ ಹಾಲು ಬಿಟ್ಟು ಬೇಗ ಹೋದ.

"ಹಲ್ಲಿನ ಡಾಕ್ಟರ ಹತ್ರ ಹೋಗಿ ಒಂದ್ಸಲ ಕ್ಲೀನ್ ಮಾಡಿಸಲಾ?" ಎಂದು ಕೇಳಿದೆ.

"ಆ ತಪ್ಪು ಮಾತ್ರ ಮಾಡ್ಬೇಡಿ ಮೇಷ್ಟ್ರೇ. ಹಲ್ಲಿನ ಬುಡದಲ್ಲಿ ಹಳದಿ ಗಟ್ಟಿ ಕಟ್ಟಿರುತ್ತಲ್ಲ, ಅದು ಗಾರೆ ಇದ್ದಂಗೆ. ಹಳೇ ಕಟ್ಟಡದಲ್ಲಿ ಗಾರೆ ಕೆದಕಿದ್ರೆ ಗೋಡೆ ನಿಲ್ಲುತ್ತಾ? ನಮ್ಮ ಷಡ್ಡಕ ಮಾಡಿಸ್ಕೊಂಡ್ರು, ಮಾರನೇ ದಿನದಿಂದ ಹಲ್ಲೆಲ್ಲ ಅಲ್ಲಾಡೋಕೆ ಶುರುವಾಗ್ಬುಡ್ತು."

ಸೇತುವೆ ಕಟ್ಟಿದವರ ಮಾತು. ತಳ್ಳಿಹಾಕುವುದು ಹೇಗೆ?

ಆ ವರ್ಷ ಗೋಕುಲಾಷ್ಟಮಿಯ ದಿನ ಕೋಡುಬಳೆ ಕಚ್ಚಿದೆ. ಕೋಡುಬಳೆ ಮುರಿಯಲಿಲ್ಲ. ಕೆಳಗಿನ ಮುಂಭಾಗದ ಒಂದು ಹಲ್ಲು, ಬಾಗಿಲು ತಟ್ಟಿದವರಿಗೆ ದಾರಿ ಬಿಡುವ ಸೌಮ್ಯತೆಯಿಂದ ಒಳಕ್ಕೆ ಒರಗಿ, ಮತ್ತೆ ತನ್ನ ಜಾಗಕ್ಕೆ ಬಂತು. ನಾಲಗೆಯಿಂದ ಮುಟ್ಟಿದೆ. ಅಲ್ಲಾಡಿತು. ಪಕ್ಕದ್ದನ್ನು ಮುಟ್ಟಿದೆ. ಅದೂ ಸ್ವಲ್ಪ ಯೋಚಿಸಿ ಅಲ್ಲಾಡಿತು. ನನ್ನ ಜೀವನವೆಲ್ಲ ಮಾತಿನಲ್ಲೇ ಕಳೆದದ್ದು. ಈಗಲೂ ಬಡಾವಣೆಯ ಸಭೆಗಳಲ್ಲಿ ನಾಲ್ಕು ಮಾತಿಗೆ ನನ್ನನ್ನು ಕರೆಯುತ್ತಾರೆ. ಮುಂದಿನ ಹಲ್ಲು ಹೋದರೆ ಮೊದಲು ಹೋಗುವುದು 'ತ', ಆಮೇಲೆ 'ದ', ಆಮೇಲೆ ಸಭೆ. ಅಂದು ಸಂಜೆಯವರೆಗೂ ಕನ್ನಡಿಯ ಮುಂದೆ ನಿಂತು 'ತತ್ಕಾಲ', 'ದಂತಕಥೆ' ಎಂದು ಹೇಳಿಕೊಳ್ಳುತ್ತಿದ್ದೆ. ಯಾರಿಗೂ ಹೇಳಲಿಲ್ಲ.

ಹಬ್ಬದ ತಿಂಡಿಯ ಡಬ್ಬ ಹಿಡಿದು ಕಮಲತ್ತೆಯ ಮನೆಗೆ ಹೋದೆ. ಕಮಲತ್ತೆ ನಮ್ಮ ತಂದೆಯ ಕೊನೆಯ ತಂಗಿ, ಪಕ್ಕದ ರಸ್ತೆಯಲ್ಲೇ ಮಗಳ ಜೊತೆ ಇದ್ದಾರೆ. ತೊಂಬತ್ತರ ಹತ್ತಿರ. ಕಣ್ಣು ಚುರುಕು, ಮಾತು ಅದಕ್ಕಿಂತ ಚುರುಕು. ಚಕ್ಕುಲಿಯನ್ನು ಕುಟ್ಟಿ ಪುಡಿ ಮಾಡಿ ಹಾಲಲ್ಲಿ ನೆನೆಸುತ್ತ, "ನೀನು ಯಾಕೋ ಶಾಮು ತಿಂತಿಲ್ಲ?" ಎಂದು ಕೇಳಿದರು.

ನಾನು ತಡೆಯಲಾರದೆ ಹಲ್ಲಿನ ಸಂಗತಿ ಹೇಳಿದೆ. "ತಾತನಿಗೆ ಎಪ್ಪತ್ತರಲ್ಲೂ ಅಂಥಾ ಹಲ್ಲಿತ್ತು. ನನಗೆ ಮಾತ್ರ ಯಾಕತ್ತೆ ಹಿಂಗೆ?"

"ಯಾರಿಗಿತ್ತು?"

"ತಾತನಿಗೆ. ಫೋಟೋದಲ್ಲಿ ಇಲ್ವಾ?"

ಕಮಲತ್ತೆ ಚಮಚ ಕೆಳಗಿಟ್ಟರು. "ಅದು ಕಟ್ಟಿಸಿದ ಹಲ್ಲು ಕಣೋ. ನಾನು ಹುಟ್ಟೋ ಹೊತ್ತಿಗೇ ಅವರ ಬಾಯಲ್ಲಿ ಒಂದೂ ಇರಲಿಲ್ಲ ಅಂತಿದ್ಲು ನಮ್ಮಮ್ಮ. ವಸಡೆಲ್ಲ ಕೀವಾಗಿ, ಒಂದೊಂದೇ ಕೈಗೇ ಬರ್ತಿತ್ತಂತೆ. ಅರಮನೆಗೆ ಬರ್ತಿದ್ದ ಯಾರೋ ಡಾಕ್ಟ್ರು ಸೆಟ್ಟು ಮಾಡಿಸಿಕೊಟ್ರಂತೆ."

"ಮತ್ತೆ ಫೋಟೋದಲ್ಲಿ ಅಷ್ಟು ಚೆನ್ನಾಗಿ ನಗ್ತಿದಾರೆ?"

"ನಗ್ತಿಲ್ಲ ಕಣೋ. ಸೆಟ್ಟು ಅಳತೆ ಮೀರಿ ದೊಡ್ಡದಾಗ್ಬುಟ್ಟಿತ್ತು. ಹಾಕಿದ್ರೆ ಬಾಯಿ ಮುಚ್ತಿರಲಿಲ್ಲ."

"ಕಬ್ಬು?"

"ನಿಮ್ಮಪ್ಪ ಹೇಳಿದ್ನಾ? ಅವನ ಹಲ್ಲೂ ಐವತ್ತಕ್ಕೇ ಹೋಯ್ತಲ್ಲ. ನೀನು ನೋಡಿಲ್ವಾ?"

ನೋಡಿದ್ದೆ. ತಂದೆ ಕೊನೆಗಾಲದಲ್ಲಿ ಅನ್ನವನ್ನು ಗಂಜಿಯಷ್ಟು ಮೆತ್ತಗೆ ಬೇಯಿಸಿಕೊಂಡು ತಿನ್ನುತ್ತ, ಜೀರ್ಣಕ್ಕೆ ಒಳ್ಳೆಯದು ಎನ್ನುತ್ತಿದ್ದರು. ಇತಿಹಾಸದ ಮೇಷ್ಟರಾದ ನಾನು ಅದನ್ನು ಜೀರ್ಣದ ಖಾತೆಗೆ ಬರೆದುಕೊಂಡಿದ್ದೆ. ಮನೆತನದ ಆಸ್ತಿಯಾಗಿ ನನಗೆ ಬಂದದ್ದು ಹಲ್ಲಲ್ಲ, ವಸಡಿನ ರೋಗ. ಅದು ಮಾತ್ರ ತಕರಾರಿಲ್ಲದೆ ತಲೆಮಾರಿನಿಂದ ತಲೆಮಾರಿಗೆ ಖಾತೆ ಬದಲಾಗಿತ್ತು.

ಮಾರನೆಯ ದಿನವೇ ಸಿದ್ಧಾರ್ಥನಗರದ ಒಂದು ಕ್ಲಿನಿಕ್ಕಿಗೆ ಹೋದೆ. ಸರೋಜ ತಾನೂ ಬರುತ್ತೇನೆಂದು ಹೊರಟಳು. ವಸಡಿನದೇ ವಿಶೇಷ ಓದು ಓದಿದ ಡಾಕ್ಟರು, ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಕುರ್ಚಿಯಲ್ಲಿ ಮಲಗಿಸಿ, ತುದಿಯಲ್ಲಿ ಗೆರೆಗಳಿರುವ ಸಣ್ಣ ಕಡ್ಡಿಯೊಂದನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸಿ, ಪಕ್ಕದ ಸಹಾಯಕಿಗೆ ಅಂಕ ಹೇಳತೊಡಗಿದರು. "ಮೂರು, ಎರಡು, ಮೂರು. ನಾಲ್ಕು, ರಕ್ತ. ಆರು, ರಕ್ತ."

ಜೀವಮಾನವೆಲ್ಲ ಬೇರೆಯವರಿಗೆ ಅಂಕ ಕೊಟ್ಟವನು ನಾನು. ಬಾಯಿ ತೆರೆದುಕೊಂಡು ಮಲಗಿ ಅಂಕ ಪಡೆಯುವುದು ಇದೇ ಮೊದಲು. ಆರು ಎಂದಾಗ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಕಡ್ಡಿ ಹೊರಗೆ ಬಂದ ಕೂಡಲೇ, "ಜಾಸ್ತಿ ಬಂದಿರೋ ಕಡೆ ಚೆನ್ನಾಗಿದೆ ಅಲ್ವಾ?" ಎಂದು ಕೇಳಿದೆ.

"ಉಲ್ಟಾ ಸಾರ್. ಇದು ವಸಡು ಹಲ್ಲಿನಿಂದ ಬಿಟ್ಕೊಂಡು ಎಷ್ಟು ಆಳದ ಜೇಬಾಗಿದೆ ಅಂತ ನೋಡೋದು. ಮೂರು ಮಿಲಿಮೀಟರ್ ತನಕ ಪರವಾಗಿಲ್ಲ. ಅದಕ್ಕಿಂತ ಆಳ ಇರೋ ಕಡೆ ನಿಮ್ಮ ಬ್ರಶ್ಶು ತಲುಪಲ್ಲ, ಕೊಳೆ ತಲುಪುತ್ತೆ."

ಎಕ್ಸ್‌ರೇಯಲ್ಲಿ ಹಲ್ಲಿನ ಸುತ್ತಲ ಮೂಳೆ ಎಲ್ಲೆಲ್ಲಿ ಇಳಿದಿದೆ ಎಂದು ತೋರಿಸಿದರು. ಬೇಸಿಗೆಯಲ್ಲಿ ಕೆರೆಯ ನೀರು ಇಳಿದು ಮಂಟಪದ ಬುಡ ಕಂಡಂತೆ ನನ್ನ ಹಲ್ಲುಗಳ ಬೇರು ಕಾಣುತ್ತಿತ್ತು.

"ಕೊಯ್ಬೇಕಾ?" ಎಂದು ಕೇಳಿದೆ.

"ಈಗಲೇ ಯಾಕೆ ಕೊಯ್ಯೋ ಮಾತು. ಮೊದಲು ಮೇಲಿನ ಗಟ್ಟಿ ತೆಗೆಯೋಣ. ಆಮೇಲೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ವಸಡಿನ ಒಳಗೆ ಬೇರಿನ ಮೇಲಿರೋದನ್ನ ತೆಗೆದು ನುಣುಪು ಮಾಡ್ತೀನಿ. ಮನೇಲಿ ನೀವು ಸರಿಯಾಗಿ ಉಜ್ಜಿದ್ರೆ ಊತ ಇಳಿದು ವಸಡು ಬಿಗಿಯುತ್ತೆ. ಸ್ವಲ್ಪ ತಿಂಗಳು ಬಿಟ್ಟು ಮತ್ತೆ ಅಳೀತೀನಿ. ಅದಕ್ಕೂ ಬಗ್ಗದ ಜಾಗ ಇದ್ರೆ ಆಗ ಯೋಚ್ನೆ ಮಾಡೋಣ. ಸಕ್ಕರೆ ಚೆಕ್ ಮಾಡಿಸಿದೀರಾ?"

ಮಾಡಿಸಿರಲಿಲ್ಲ. ವಂಶದಲ್ಲಿ ಅದೂ ಇಲ್ಲ ಎಂದು ಹೇಳಹೊರಟು ಬಾಯಿ ಮುಚ್ಚಿಕೊಂಡೆ. ಆಮೇಲೆ ಮಾಡಿಸಿದಾಗ ಅದೂ ಇತ್ತು.

"ಆದ್ರೆ ಅದು ಹಲ್ಲಿಗೆ ಗಾರೆ ಇದ್ದ ಹಾಗೆ, ತೆಗೆದ್ರೆ ಹಲ್ಲು ಬೀಳುತ್ತೆ ಅಂತಾರಲ್ಲ ಡಾಕ್ಟ್ರೇ?"

"ಗೆದ್ದಲು ಕಟ್ಟಿದ ಮಣ್ಣು ಬಾಗಿಲನ್ನ ಹಿಡ್ಕೊಂಡಿದೆ ಅಂದ ಹಾಗಾಯ್ತು ಸಾರ್" ಎಂದರು. ಸಿಟ್ಟಿಲ್ಲದೆ ಹೇಳಿದರು. ದಿನಕ್ಕೊಮ್ಮೆಯಾದರೂ ಈ ಗಾರೆ ಅವರ ಮೇಲೆ ಬೀಳುತ್ತಿರಬೇಕು.

ಆಮೇಲೆ ಒಂದು ಪ್ರಶ್ನೆ ಕೇಳಿದರು. ಅದನ್ನು ನನ್ನ ಕಡೆಗಲ್ಲ, ಗೋಡೆಯ ಪಕ್ಕ ಕೂತಿದ್ದ ಸರೋಜಳ ಕಡೆ ನೋಡಿ ಸ್ವಲ್ಪ ಗಟ್ಟಿಯಾಗಿ ಕೇಳಿದರು. "ಇವರ ಬಾಯಿ ವಾಸನೆ ಬರ್ತಿತ್ತಾ ಅಮ್ಮ? ಅದು ಅವರಿಗೆ ಗೊತ್ತಾಗಲ್ಲ, ಮನೆಯವರೇ ಹೇಳ್ಬೇಕು."

ಸರೋಜ ಕೈಚೀಲದ ಹಿಡಿಯನ್ನು ಸರಿಮಾಡಿಕೊಂಡಳು. "ಬರುತ್ತೆ."

"ಎಷ್ಟು ದಿನದಿಂದ?"

"ದಿನ ಏನು ಬಂತು. ಇವರು ಸರ್ವೀಸಲ್ಲಿದ್ದಾಗಿಂದಾನೇ."

"ಹೇಳಲಿಲ್ವಾ?"

"ಹೆಂಗೆ ಹೇಳೋದು ತಾಯಿ? ನಂಗೆ ಕಿವಿ ಸ್ವಲ್ಪ ಮಂದ. ಇವರಿಗೆ ಕಾಲೇಜಲ್ಲಿ ಕಿರುಚಿ ಕಿರುಚಿ ಮನೇಲಿ ಪಿಸುಗುಟ್ಟೋ ಅಭ್ಯಾಸ. ಕಿವಿ ಹತ್ರಾನೇ ಬಂದು ಮಾತಾಡ್ತಾರೆ. ಪ್ರೀತಿಯಿಂದ ಬರ್ತಾರೆ, ಮುಖ ತಿರುಗಿಸೋಕಾಗುತ್ತಾ. ಉಸಿರು ಹಿಡ್ಕೊಂಡು ಹೂಂ ಅಂದ್ಬುಡ್ತಿದ್ದೆ. ಹೂಂ ಅಂದ್ರೆ ಬೇಗ ದೂರ ಹೋಗ್ತಾರಲ್ಲ."

ಡಾಕ್ಟರು ಮುಖಕ್ಕೆ ಮಾಸ್ಕ್ ಹಾಕಿಕೊಂಡಿದ್ದರಿಂದ ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಸಹಾಯಕಿ ಬೇಸಿನ್ ಕಡೆ ತಿರುಗಿ ನಿಂತಳು. ನಾನು ಮೇಲಿನ ದೀಪವನ್ನು ನೋಡುತ್ತ ಮಲಗಿದ್ದೆ. ವಿದ್ಯಾರ್ಥಿಗಳು ನನ್ನಿಂದ ಒಂದು ಮಾರು ದೂರ ನಿಂತು ಮಾತಾಡುತ್ತಿದ್ದರು. ಅದನ್ನು ನಾನು ಗುರುಭಕ್ತಿ ಎಂದುಕೊಂಡಿದ್ದೆ. ಪ್ರಿನ್ಸಿಪಾಲರು ನನ್ನ ವಾದಗಳನ್ನು ಬೇಗ ಒಪ್ಪಿಬಿಡುತ್ತಿದ್ದರು. ಅದನ್ನು ನನ್ನ ವಾದದ ಬಲ ಎಂದುಕೊಂಡಿದ್ದೆ. ನಮ್ಮ ದಾಂಪತ್ಯದಲ್ಲಿ ಭಿನ್ನಾಭಿಪ್ರಾಯವೇ ಇಲ್ಲ ಎಂದು ಮದುವೆಮನೆಗಳಲ್ಲಿ ಹೊಸ ಜೋಡಿಗಳಿಗೆ ಉಪದೇಶ ಮಾಡಿದ್ದೆ.

ಮನೆಗೆ ಬರುವಾಗ ಆಟೋದಲ್ಲಿ ನಾನು ಹೊರಗೆ ಮುಖ ಮಾಡಿ ಕೂತಿದ್ದೆ. ಸ್ವಲ್ಪ ದೂರ ಬಂದ ಮೇಲೆ ಅವಳು, "ಅಷ್ಟೊಂದು ಅಂಚಿಗೆ ಯಾಕೆ ಕೂತಿದೀರ, ಬಿದ್ದೀರಿ" ಎಂದು ತೋಳು ಹಿಡಿದು ಒಳಕ್ಕೆ ಎಳೆದುಕೊಂಡಳು.

ಚಿಕಿತ್ಸೆ ಶುರುವಾಯಿತು. ಮೊದಲ ಪಾಠ ಹಲ್ಲುಜ್ಜುವುದು. "ಹೆಂಗೆ ಉಜ್ತೀರಿ, ತೋರಿಸಿ" ಎಂದರು ಡಾಕ್ಟರು. ತೋರಿಸಿದೆ. ಒಂದು ಬಣ್ಣದ ದ್ರವ ಹಚ್ಚಿ ಬಾಯಿ ತೊಳೆಸಿ ಕನ್ನಡಿ ಕೈಗೆ ಕೊಟ್ಟರು. ಕೊಳೆ ಉಳಿದ ಕಡೆಯೆಲ್ಲ ನೇರಳೆ ಬಣ್ಣ. ಮುಂದಿನ ಹಲ್ಲುಗಳ ನಡುಭಾಗ ಬಿಟ್ಟರೆ ಬಾಯೆಲ್ಲ ನೇರಳೆಹಣ್ಣಿನ ಕಾಲ. ಬಚ್ಚಲ ಒಲೆಯ ಪಕ್ಕ ಕಲಿತ ವಿದ್ಯೆ ಅಷ್ಟು ನಿಷ್ಠೆಯಿಂದ ಉಳಿದಿತ್ತು. ಬ್ರಶ್ಶನ್ನು ವಸಡಿನ ಕಡೆ ಓರೆ ಮಾಡಿ, ಒತ್ತದೆ, ಸಣ್ಣಗೆ ಅಲುಗಿಸುವುದನ್ನು ಈ ವಯಸ್ಸಿನಲ್ಲಿ ಕಲಿತೆ. ರಕ್ತ ಬಂದ ಜಾಗವನ್ನೇ ಬಿಡದೆ ಉಜ್ಜಬೇಕು ಎನ್ನುವುದನ್ನೂ ಕಲಿತೆ.

ಮೇಲಿನ ಗಟ್ಟಿ ತೆಗೆದ ದಿನ ಸಹಾಯಕಿ ತಟ್ಟೆಯಲ್ಲಿದ್ದ ಚೂರುಗಳನ್ನು ತೋರಿಸಿದಳು. ನನ್ನ ಅಧ್ಯಾಪನದ ಅವಧಿಯಷ್ಟೂ ಅಲ್ಲಿ ಪದರಪದರವಾಗಿ ಕೂತಿತ್ತು. ಉತ್ಖನನ ಎಂದರೆ ಅದು. ಆಮೇಲಿನ ಭೇಟಿಯಲ್ಲಿ ಬಾಯಿಯ ಬಲಭಾಗ ಮರಗಟ್ಟಿಸಿ ವಸಡಿನೊಳಗೆ ಕೆರೆದರು. ನೋವಿರಲಿಲ್ಲ. ಸದ್ದು ಮಾತ್ರ ತಲೆಬುರುಡೆಯೊಳಗೆ ಯಾರೋ ತೆಂಗಿನಕಾಯಿ ತುರಿಯುತ್ತಿದ್ದ ಹಾಗೆ. ಮುಗಿಸಿ ಹೊರಗೆ ಬಂದರೆ ರಸ್ತೆಯಲ್ಲಿ ನಂಜುಂಡಯ್ಯ.

"ಏನ್ ಮೇಷ್ಟ್ರೇ ಈ ಕಡೆ?"

ತುಟಿಯ ಅರ್ಧ ನನ್ನ ಆಡಳಿತದಲ್ಲಿರಲಿಲ್ಲ. "ಹಲ್ಲು" ಎನ್ನಲು ಹೋದೆ. "ಅಲ್ಲು" ಎಂದಾಗಿ ಜೊಲ್ಲು ಗಲ್ಲಕ್ಕೆ ಇಳಿಯಿತು.

ಅವರು ನನ್ನನ್ನು ಕರುಣೆಯಿಂದ ನೋಡಿದರು. "ಗಾರೆ ಕೆದಕಿಸಿಬುಟ್ರಾ? ಈಗ ಮಾತೂ ಹೋಯ್ತು ನೋಡಿ." ಇಡೀ ಬೆಂಚಿನ ಮಂದಿಗೆ ಮಾರನೆಯ ಬೆಳಗ್ಗೆ ಸುದ್ದಿ ತಲುಪಿತು.

ಊತ ಇಳಿದ ಮೇಲೆ ನಂಜುಂಡಯ್ಯನವರಿಗೆ ಇನ್ನೂ ಒಳ್ಳೆಯ ಸಾಕ್ಷಿ ಸಿಕ್ಕಿತು. ಹಲ್ಲುಗಳ ನಡುವೆ ಸಂದಿ ಕಂಡಿತು, ಹಲ್ಲು ಉದ್ದವಾದಂತಾಯಿತು, ತಣ್ಣೀರು ಕುಡಿದರೆ ಜುಂ ಎನ್ನುತ್ತಿತ್ತು. ನನಗೂ ಅಳುಕಾಗಿ ಡಾಕ್ಟರನ್ನು ಕೇಳಿದೆ. "ಸಂದಿ ಮೊದಲೇ ಇತ್ತು ಸಾರ್. ಊದಿದ ವಸಡೂ ಕೊಳೇನೂ ಅದನ್ನ ಮುಚ್ಚಿತ್ತು ಅಷ್ಟೆ. ಜುಂ ಅನ್ನೋದು ಕಮ್ಮಿಯಾಗುತ್ತೆ. ಇಳಿದ ಮೂಳೆ ಮಾತ್ರ ನಾನು ಮತ್ತೆ ಮೇಲಕ್ಕೆ ತರ್ತೀನಿ ಅಂತ ಸುಳ್ಳು ಹೇಳಲ್ಲ. ಇರೋದನ್ನ ಉಳಿಸ್ಕೊಳ್ಳೋಣ" ಎಂದು ಆ ಸಂದಿಗಳಿಗೆಂದು ಆ ಪುಟಾಣಿ ಬ್ರಶ್ಶು ಕೊಟ್ಟರು.

ಕೆಲವು ತಿಂಗಳ ಮೇಲೆ ಮತ್ತೆ ಅಳತೆ. ಅಂದು ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಒಬ್ಬರು ದಿನಪತ್ರಿಕೆಯನ್ನು ಮುಖದ ತುಂಬ ಹರಡಿ ಕೂತಿದ್ದರು. ಪತ್ರಿಕೆ ತಲೆಕೆಳಗಾಗಿತ್ತು. ಚಪ್ಪಲಿ ನೋಡಿ ಗುರುತು ಹಿಡಿದು, "ಏನು ನಂಜುಂಡಯ್ಯನವರೇ?" ಎಂದೆ.

ಪತ್ರಿಕೆ ಇಳಿಯಿತು. ಒಂದು ಕೆನ್ನೆ ಊದಿತ್ತು. "ಕಟ್ಟಡ ನೋಡೋಣ ಅಂತ ಬಂದೆ" ಎಂದರು. ನಾನೂ ಮೇಲೆ ನೋಡಿ, ತಾರಸಿ ಗಟ್ಟಿಯಾಗಿದೆ ಎಂದೆ.

ಒಳಗೆ ಡಾಕ್ಟರು ಅಂಕ ಹೇಳುತ್ತಾ ಹೋದರು. ಮೂರು, ಎರಡು, ಮೂರು. ಹಿಂದಿನ ಸಲ ಆರಿದ್ದ ಕಡೆ ನಾಲ್ಕು. ರಕ್ತ ಎನ್ನುವ ಮಾತು ಅಲ್ಲೊಂದು ಇಲ್ಲೊಂದು ಬಿಟ್ಟರೆ ಕೇಳಲಿಲ್ಲ. ಹಿಂದಿನ ಒಂದು ದವಡೆಹಲ್ಲು ಮಾತ್ರ ಹಳೇ ಹಟದಲ್ಲೇ ಇತ್ತು. ಅದನ್ನು ಇನ್ನೊಮ್ಮೆ ಒಳಗೆ ಶುಚಿ ಮಾಡಿದರು. ಮುಂದಿನ ಹಲ್ಲನ್ನು ಅಲುಗಿಸಿ ನೋಡಿ, "ಬಿಗಿಯಾಗಿದೆ. ಕೊಯ್ಯೋದೇನೂ ಬೇಡ. ಆದ್ರೆ ಮೂರು ನಾಲ್ಕು ತಿಂಗಳಿಗೊಮ್ಮೆ ಬರಲೇಬೇಕು. ಇದು ವಾಸಿ ಆಯ್ತು ಅಂತ ಮರೆತುಬಿಡೋ ಕಾಯಿಲೆ ಅಲ್ಲ" ಎಂದರು. ನನಗೆ ಕಣ್ಣು ತುಂಬಿತು. ದೀಪದ ಬೆಳಕು ಜಾಸ್ತಿ ಎಂದು ಹೇಳಿದೆ.

ಅಂದು ಸಂಜೆ ಸರೋಜ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತ ಕೂತಿದ್ದಳು. ನಾನು ಬಾಗಿಲಲ್ಲೇ ನಿಂತು ಡಾಕ್ಟರು ಹೇಳಿದ್ದನ್ನು ಗಟ್ಟಿಯಾಗಿ ಹೇಳಿದೆ. ಕ್ಲಿನಿಕ್ಕಿನ ಆ ಮೊದಲ ದಿನದಿಂದ ನಾನು ಮನೆಯಲ್ಲಿ ಹಾಗೆಯೇ ಮಾತಾಡುತ್ತಿದ್ದೆ, ದೂರದಿಂದ, ಭಾಷಣದ ದನಿಯಲ್ಲಿ.

"ಯಾಕೆ ಕಿರುಚ್ತೀರಿ? ಇಲ್ಲಿ ಬಂದು ಹೇಳಿ" ಎಂದಳು. ಹೋಗಿ ಮಣೆಯ ಮೇಲೆ ಪಕ್ಕದಲ್ಲಿ ಕೂತೆ. ಅವಳು ಹೆಚ್ಚುತ್ತಲೇ, "ನಾನೊಂದು ಕೇಳ್ಬೇಕು ಅಂತ ಇದ್ದೆ" ಎಂದಳು. "ನೀವು ರಿಟೈರಾದ ದಿನ ಹಾರ ಗೀರ ಹಾಕ್ಕೊಂಡು ಬಂದ್ರಲ್ಲ. ಎಲ್ರೂ ಹೋದ ಮೇಲೆ ನನ್ನ ಕಿವಿ ಹತ್ರ ಬಂದು ಏನೋ ಕೇಳಿದ್ರಿ. ಹೂಂ ಅಂದೆ. ನಿಮ್ಮ ಮುಖ ಅಷ್ಟಗಲ ಆಯ್ತು. ಏನು ಕೇಳಿದ್ರಿ ಅವತ್ತು?"

ನನಗೆ ಚೆನ್ನಾಗಿ ನೆನಪಿತ್ತು. ಆ ಹೂಂ ಮೇಲೆಯೇ ನಾನು ಇಷ್ಟು ದಿನ ನಿಶ್ಚಿಂತೆಯಿಂದ ಬದುಕಿದ್ದೆ. ಏನೂ ಇಲ್ಲ ಬಿಡು ಎಂದು ಎದ್ದುಹೋಗಬಹುದಿತ್ತು. ಎದ್ದೂ ಬಿಟ್ಟೆ. ಅವಳು ಈಳಿಗೆಯಿಂದ ಕೈ ತೆಗೆದು ಕಾಯುತ್ತಿದ್ದಳು. ಮತ್ತೆ ಕೂತು, ಅವಳ ಕಿವಿಯ ಹತ್ತಿರ ಬಾಗಿ ಹೇಳಿದೆ.

"ನನ್ನ ಜೊತೆ ನೀನು ಸುಖವಾಗಿದ್ಯಾ ಅಂತ ಕೇಳಿದ್ದೆ."

ಅವಳು ಉಸಿರು ಹಿಡಿಯಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಒಂದು ಹುರುಳಿಕಾಯಿಯ ನಾರು ಎಳೆದಳು, ಇನ್ನೊಂದರದು ಎಳೆದಳು. ಒಲೆಯ ಮೇಲೆ ಕುಕ್ಕರು ಕೂಗಿ ಸುಮ್ಮನಾಯಿತು.

"ಈಗೀಗ ಪರವಾಗಿಲ್ಲ" ಎಂದಳು.